ಹಲ್ಲಿನ ಇಂಪ್ಲಾಂಟ್: ಆಳ ಹೆಚ್ಚಾದರೆ ಒಸಡಿಗೆ ಕುತ್ತು

ಇಂಪ್ಲಾಂಟ್ ಹಾಕಿಸಿಕೊಳ್ಳುವವರು ಮೊದಲು ಕೇಳುವುದು ಬೆಲೆ, ಆಮೇಲೆ ಕಂಪನಿ. ಎಷ್ಟು ಆಳಕ್ಕೆ ಕೂರಿಸುತ್ತೀರಿ ಎಂದು ಕೇಳುವವರು ಕಡಿಮೆ. ಸ್ವೀಡನ್‌ನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ರೋಗಿಯೊಬ್ಬರಿಗೆ ಟೈಟಾನಿಯಂ ಇಂಪ್ಲಾಂಟ್ ಅಳವಡಿಸಿದರು. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ನಿಜ, ಆದರೆ ತೊಂದರೆ ಶುರುವಾಗುವುದು ಹೆಚ್ಚಾಗಿ ಒಸಡಿನ ಬಳಿ.

ಮೂಳೆಯೊಳಗಿನ ಸ್ಕ್ರೂ ಹಾಗೂ ಕೃತಕ ಹಲ್ಲನ್ನು ಹೊರುವ ಅಬಟ್‌ಮೆಂಟ್ ಸೇರುವಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಂದಿರುತ್ತದೆ. ಬ್ಯಾಕ್ಟೀರಿಯಾ ಅಲ್ಲಿ ಸೇರಿಕೊಂಡರೆ ಪಕ್ಕದ ಮೂಳೆ ಸವೆಯಬಹುದು. ಅಬಟ್‌ಮೆಂಟನ್ನು ಸ್ಕ್ರೂಗಿಂತ ಕಿರಿದಾಗಿಸಿ, ಸಂದನ್ನು ಮೂಳೆಯಂಚಿನಿಂದ ದೂರ ಸರಿಸುವ ವಿನ್ಯಾಸಕ್ಕೆ ಪ್ಲಾಟ್‌ಫಾರ್ಮ್ ಸ್ವಿಚಿಂಗ್ ಎನ್ನುತ್ತಾರೆ. ಟಿಶ್ಯೂ ಲೆವೆಲ್ ಇಂಪ್ಲಾಂಟ್‌ನಲ್ಲಿ ಸಂದು ಮೂಳೆಯಿಂದ ಹೊರಗೇ ಇರುತ್ತದೆ. ದವಡೆ ಹಲ್ಲಿಗೆ ಇದು ಅನುಕೂಲ. ಮುಂದಿನ ಹಲ್ಲಿಗಾದರೆ ಲೋಹದ ಅಂಚು ಕಾಣುವ ಭಯ.

ಮುಂದಿನ ಹಲ್ಲುಗಳಿಗೆ ಸಾಮಾನ್ಯವಾಗಿ ಒಸಡಿನ ಅಂಚಿನಿಂದ 3ರಿಂದ 4 ಮಿ.ಮೀ. ಒಳಗೆ ಇಂಪ್ಲಾಂಟ್ ಕೂರಿಸಲಾಗುತ್ತದೆ. ಅಂದ ಕಾಣಲೆಂದು ಇನ್ನೂ ಆಳಕ್ಕಿಳಿಸಿದರೆ ಒಸಡಿನ ಸುತ್ತ ಆಳವಾದ ಸಂದು ಉಳಿಯುತ್ತದೆ. ಅಲ್ಲಿಗೆ ಬ್ರಷ್ ತಲುಪದು. ಹಲ್ಲು ಅಂಟಿಸಿದ ಸಿಮೆಂಟ್ ಅಲ್ಲೇ ಉಳಿದರೆ ಉರಿಯೂತಕ್ಕೆ ಅದೊಂದೇ ಸಾಕು. ಧೂಮಪಾನಿಗಳಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಅಪಾಯ ಇನ್ನೂ ಹೆಚ್ಚು. ಇದರಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ಹಲ್ಲುಜ್ಜುವಾಗ ಇಂಪ್ಲಾಂಟ್ ಸುತ್ತ ರಕ್ತ ಬಂದರೆ ಕಾಯದೆ ದಂತವೈದ್ಯರಿಗೆ ತೋರಿಸಿ.