ತಂತಿ ಎಲ್ಲಿ ಕಡಿದಿದೆ?

ಕನ್ನಡದಲ್ಲಿ ‘ತಂತಿ’ ಎಂಬ ಒಂದೇ ಶಬ್ದ ಲೋಹದ ಎಳೆಗೂ ಅದರ ಮೂಲಕ ಬರುತ್ತಿದ್ದ ಸಂದೇಶಕ್ಕೂ ಸಲ್ಲುತ್ತದೆ. ‘ತಂತಿ ಬಂತು’ ಎಂದರೆ ಒಂದು ಕಾಲಕ್ಕೆ ಮನೆಮಂದಿಯ ಎದೆ ನಡುಗುತ್ತಿತ್ತು. ಸಂದೇಶವೆಂಬ ಅರ್ಥದ ತಂತಿ ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಿಗೆ ಕೊನೆಗೊಂಡಿತು. ಲೋಹದ ತಂತಿ ಮಾತ್ರ ನಮ್ಮ ಮನೆಗಳನ್ನು ಬಿಟ್ಟು ಹೋಗಲಿಲ್ಲ. ಗೋಡೆಯಂಚಿನಲ್ಲಿ ಹರಿದು ಬಂದು ಕಂಪ್ಯೂಟರಿನ ಬೆನ್ನಿಗೆ ಸೇರಿಕೊಂಡಿರುವ ಬೂದು ಅಥವಾ ನೀಲಿ ಬಣ್ಣದ ಕೇಬಲ್ ಅದರ ನೇರ ವಂಶಸ್ಥ. ಅಂದು ತಂತಿ ಬಂದರೆ ಆತಂಕ. ಇಂದು ಅದು ಸುಮ್ಮನಾದರೆ ಆತಂಕ.

ಸುಮ್ಮನಾದ ತಂತಿಯ ಮುಂದೆ ಕುಳಿತಾಗ ಸಾಮಾನ್ಯವಾಗಿ ನಾವು ಮಾಡುವುದು ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತುವುದು, ರೂಟರನ್ನು ಆರಿಸಿ ಹೊತ್ತಿಸುವುದು, ಕೊನೆಗೆ ‘ಇಂಟರ್ನೆಟ್ ಇಲ್ಲ’ ಎಂದು ಯಾರಿಗಾದರೂ ದೂರುವುದು. ಆದರೆ ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು ಒಂದು ವಿದ್ಯೆ. ಅದಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಮನೆಯಲ್ಲಿ ಇಂದು ನಾವು ಮಾಡಬಹುದಾದ ಒಂದೊಂದು ಪರೀಕ್ಷೆಯ ಹಿಂದೆಯೂ ಯಾರೋ ಎಲ್ಲೋ ಎದುರಿಸಿದ ಒಂದೊಂದು ಮೌನವಿದೆ.

ಆ ಇತಿಹಾಸದ ಮೊದಲ ದೊಡ್ಡ ಮೌನ ಅಟ್ಲಾಂಟಿಕ್ ಸಾಗರದ ತಳದಲ್ಲಿ ಸಂಭವಿಸಿತು. 1858ರ ಆಗಸ್ಟ್‌ನಲ್ಲಿ ಐರ್ಲೆಂಡ್ ಮತ್ತು ನ್ಯೂಫೌಂಡ್ಲೆಂಡ್‌ಗಳ ನಡುವೆ ಸಮುದ್ರದಡಿಯ ಮೊದಲ ಕೇಬಲ್ ಕೆಲಸ ಮಾಡತೊಡಗಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕನನ್‌ರಿಗೆ ಕಳುಹಿಸಿದ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆಗಳು ಹಿಡಿದವು. ಸಂಕೇತಗಳು ಕ್ಷೀಣವಾಗಿದ್ದವು. ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ವೃತ್ತಿಯಿಂದ ವೈದ್ಯ. ಸಂಕೇತ ಕ್ಷೀಣವಾದರೆ ಒತ್ತಡ ಹೆಚ್ಚಿಸಬೇಕೆಂಬುದು ಆತನ ನಂಬಿಕೆ. ದೊಡ್ಡ ಸುರುಳಿಗಳಿಂದ ಸುಮಾರು 2000 ವೋಲ್ಟ್ ಒತ್ತಡವನ್ನು ಆತ ಕೇಬಲ್ಲಿಗೆ ಹಾಯಿಸಿದ. ತಯಾರಿಕೆಯಲ್ಲಿ, ಸಂಗ್ರಹಣೆಯಲ್ಲಿ ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತಿತು. ಎದುರಾಳಿ ಪಕ್ಷದಲ್ಲಿ ನಿಂತಿದ್ದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು. ಕೂಗುವುದನ್ನು ಜೋರು ಮಾಡಬೇಡಿ, ಕೇಳುವ ಕಿವಿಯನ್ನು ಸೂಕ್ಷ್ಮಗೊಳಿಸಿ ಎಂಬುದು ಅವರ ವಾದದ ಸಾರ. ಅತ್ಯಲ್ಪ ವಿದ್ಯುತ್ತಿಗೂ ಕನ್ನಡಿಯ ಬೆಳಕನ್ನು ಸರಿಸಿ ತೋರಿಸುವ ಗ್ಯಾಲ್ವನೋಮೀಟರನ್ನು ಅವರು ರೂಪಿಸಿದ್ದರು.

ಈ ಸೋಲಿನ ನಂತರ ನಡೆದ ವಿಚಾರಣೆ ಮತ್ತು ಪ್ರಯೋಗಗಳಿಂದ ತಂತಿಯ ಲೋಕಕ್ಕೆ ಅಳತೆಯ ಶಿಸ್ತು ಬಂತು. ತಂತಿ ವಿದ್ಯುತ್ತಿಗೆ ಒಡ್ಡುವ ತಡೆ ಅದರ ಉದ್ದಕ್ಕೆ ಅನುಗುಣವಾಗಿರುತ್ತದೆ. ಒಂದು ಮೈಲಿಯ ತಡೆ ಎಷ್ಟೆಂದು ತಿಳಿದಿದ್ದರೆ, ದಡದ ಕೋಣೆಯಲ್ಲಿ ಕುಳಿತು ಅಳೆದ ಒಟ್ಟು ತಡೆಯನ್ನು ಅದರಿಂದ ಭಾಗಿಸಿ, ಸಮುದ್ರದಲ್ಲಿ ಎಷ್ಟು ದೂರಕ್ಕೆ ದೋಷವಿದೆಯೆಂದು ಅಂದಾಜು ಮಾಡಬಹುದು. ಆದರೆ ಹಾನಿಯಾದ ಜಾಗದಲ್ಲಿ ನೀರು, ಮಣ್ಣು ಸೇರಿ ಅಲ್ಲಿಯೇ ಎಷ್ಟೋ ತಡೆ ಹುಟ್ಟುವುದರಿಂದ ಲೆಕ್ಕ ತಪ್ಪುತ್ತದೆ. ಅದಕ್ಕೆ ಮರ್ರೆ ಮತ್ತು ವಾರ್ಲಿ ಹೆಸರಿನ ಕುಣಿಕೆ ಪರೀಕ್ಷೆಗಳು ಬಂದವು. ಕೆಟ್ಟ ತಂತಿಯ ದೂರದ ತುದಿಯನ್ನು ಒಂದು ಒಳ್ಳೆಯ ತಂತಿಗೆ ಕಟ್ಟಿ, ಎರಡನ್ನೂ ಸೇರಿಸಿ ಅಳೆದರೆ ದೋಷದ ಜಾಗದ ತಡೆ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಕೆಟ್ಟದ್ದನ್ನು ಅಳೆಯಲು ಖಚಿತವಾಗಿ ಒಳ್ಳೆಯದಾದ ಒಂದು ಬೇಕು: ಈ ತತ್ತ್ವ ಇಂದಿಗೂ ಬದಲಾಗಿಲ್ಲ. ಕೇಬಲ್ ಮೇಲೆ ಅನುಮಾನ ಬಂದಾಗ, ಬೇರೆಡೆ ಕೆಲಸ ಮಾಡುತ್ತಿರುವ ಇನ್ನೊಂದು ಕೇಬಲನ್ನು ತಂದು ಜೋಡಿಸಿ ನೋಡುವ ಗೃಹಸ್ಥ ಅದೇ ಪರಂಪರೆಯವನು. ‘ಹೊಸದು’ ಎಂಬುದು ‘ಒಳ್ಳೆಯದು’ ಎಂಬುದಕ್ಕೆ ಪುರಾವೆಯಲ್ಲ ಎಂಬ ಎಚ್ಚರವೂ ಅದರೊಂದಿಗೆ ಇರಬೇಕು.

ಭಾರತದ ತಂತಿಜಾಲವನ್ನು ಕಟ್ಟಿದವನೂ ವೈದ್ಯನೇ. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವಿಲಿಯಂ ಓ’ಶಾನೆಸಿ 1839ರಲ್ಲಿ ಪ್ರಯೋಗ ಮಾಡಿ, 1850ರ ದಶಕದ ಆರಂಭದಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಮೊದಲ ಮಾರ್ಗ ಎಳೆಸಿದ. 1855ರಲ್ಲಿ ಸೇವೆ ಸಾರ್ವಜನಿಕರಿಗೆ ತೆರೆಯಿತು. ಯುರೋಪಿನ ಸಲಕರಣೆ ನಮ್ಮ ಮಳೆಗೂ ಮಂಗಗಳಿಗೂ ಒಗ್ಗುವುದಿಲ್ಲವೆಂದು ಆತ ಬೇಗ ಅರಿತ. ಹಕ್ಕಿಗಳ, ಕೋತಿಗಳ ಭಾರವನ್ನು ತಾಳಬಲ್ಲ ದಪ್ಪ ಕಬ್ಬಿಣದ ಸರಳುಗಳನ್ನೇ ತಂತಿಯಾಗಿ ಬಳಸಿದ. ವೈಟ್‌ಹೌಸ್ ತನ್ನ ಸಿದ್ಧಾಂತವನ್ನು ತಂತಿಯ ಮೇಲೆ ಹೇರಿದರೆ ಈತ ಪರಿಸರವನ್ನು ನೋಡಿ ತಂತಿಯನ್ನು ಆರಿಸಿದ. ದೋಷ ಹುಡುಕುವವನಿಗೆ ಈ ಎರಡನೆಯ ಸ್ವಭಾವವೇ ಬೇಕಾದದ್ದು.

ದೂರವಾಣಿ ಬಂದ ಮೇಲೆ ಇನ್ನೊಂದು ಬಗೆಯ ದೋಷ ಕಾಣಿಸಿತು: ತಂತಿ ತುಂಡಾಗಿಲ್ಲ, ಆದರೂ ಪಕ್ಕದ ತಂತಿಯ ಸದ್ದು ಇದರಲ್ಲಿ ಕೇಳಿಸುತ್ತದೆ. ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದರೆ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ಪರಸ್ಪರ ಅಳಿಸಿಹೋಗುತ್ತದೆ. ಈ ಹೊಸೆದ ಜೋಡಿಗೆ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದರು. ನಮ್ಮ ಮನೆಯ ಕೇಬಲ್ಲಿನ ಸಿಪ್ಪೆ ಸುಲಿದರೆ ಕಾಣುವ ಕಿತ್ತಳೆ, ಹಸಿರು, ನೀಲಿ, ಕಂದು ಬಣ್ಣದ ನಾಲ್ಕು ಜೋಡಿಗಳು ಅದೇ ಉಪಾಯದ ಮುಂದುವರಿಕೆ.

ಆದರೆ ಕಂಪ್ಯೂಟರ್ ಜಾಲ ಮೊದಲು ಈ ಜೋಡಿಗಳ ಮೇಲೆ ನಡೆಯಲಿಲ್ಲ. 1973ರ ಮೇ 22ರಂದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಬರೆದ ಟಿಪ್ಪಣಿಯೊಂದರಲ್ಲಿ ಈಥರ್ನೆಟ್ ಎಂಬ ಹೆಸರು ಮೂಡಿತು. ಡೇವಿಡ್ ಬಾಗ್ಸ್ ಜೊತೆಗೂಡಿ ಅವರು ಕಟ್ಟಿದ ಆ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಒಂದೇ ದಪ್ಪ ಕೇಬಲ್ ಕಟ್ಟಡದುದ್ದಕ್ಕೂ ಹಾಯುತ್ತಿತ್ತು. ಎಲ್ಲ ಕಂಪ್ಯೂಟರುಗಳೂ ಅದನ್ನೇ ಹಂಚಿಕೊಳ್ಳುತ್ತಿದ್ದವು. ಮುಂದೆ ಕೇಬಲ್ ತೆಳುವಾಯಿತು, ಅಗ್ಗವಾಯಿತು, ಆದರೆ ಕಷ್ಟ ಉಳಿಯಿತು. ಯಾವುದೋ ಒಂದು ಮೇಜಿನ ಕೆಳಗೆ ಒಂದು ಕೊಂಡಿ ಸಡಿಲವಾದರೆ ಆ ಸಾಲಿನ ಕಂಪ್ಯೂಟರುಗಳೆಲ್ಲ ಮೂಕವಾಗುತ್ತಿದ್ದವು. ಒಬ್ಬನ ದೋಷ ಎಲ್ಲರ ದೋಷ; ಹೀಗಾಗಿ ಯಾರದೆಂದು ತಿಳಿಯುತ್ತಿರಲಿಲ್ಲ.

1990ರಲ್ಲಿ ಪ್ರಮಾಣೀಕರಣಗೊಂಡ ಹೊಸ ವಿಧಾನ ಈಥರ್ನೆಟ್ಟನ್ನು ದೂರವಾಣಿಯ ಹೊಸೆದ ಜೋಡಿಗೆ ಇಳಿಸಿತು. ಒಂದೊಂದು ಕಂಪ್ಯೂಟರಿಗೂ ನಡುವಿನ ಪೆಟ್ಟಿಗೆಯಿಂದ ಪ್ರತ್ಯೇಕ ತಂತಿ, ಒಂದೊಂದು ತಂತಿಗೂ ಒಂದು ಪುಟ್ಟ ದೀಪ. ಎರಡೂ ತುದಿಗಳು ಮಾತಿಲ್ಲದ ಹೊತ್ತಿನಲ್ಲಿಯೂ ಸೆಕೆಂಡಿಗೆ ಸುಮಾರು 60 ಬಾರಿ ‘ನಾನಿದ್ದೇನೆ’ ಎಂಬ ಚಿಕ್ಕ ಮಿಡಿತವನ್ನು ಕಳುಹಿಸುತ್ತಿದ್ದವು; ಅದು ಕೇಳಿಸಿದರೆ ದೀಪ ಉರಿಯುತ್ತಿತ್ತು. ಮಿಡಿತದ ರೀತಿ ಆಮೇಲೆ ಬದಲಾಗಿದೆ, ದೀಪದ ಅರ್ಥ ಬದಲಾಗಿಲ್ಲ. ಕಂಪ್ಯೂಟರಿನ ಬೆನ್ನಿನಲ್ಲೂ ರೂಟರಿನ ಮೇಲೂ ಆ ದೀಪವನ್ನು ನೋಡುವುದೇ ಪರೀಕ್ಷೆಯ ಮೊದಲ ಮೆಟ್ಟಿಲು. ದೀಪವಿಲ್ಲದಿದ್ದರೆ ದೋಷ ಕೇಬಲ್ಲಿನಲ್ಲಿ, ಕೊಂಡಿಯಲ್ಲಿ ಅಥವಾ ಎರಡು ತುದಿಯ ಪೋರ್ಟ್‌ಗಳಲ್ಲಿ ಇದೆ. ಅದರಾಚೆ ಹುಡುಕುವುದು ವ್ಯರ್ಥ.

ದೀಪ ಉರಿದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಹಳೆಯ 100 ಮೆಗಾಬಿಟ್ ಜಾಲಕ್ಕೆ ಎಂಟು ಎಳೆಗಳಲ್ಲಿ ನಾಲ್ಕು ಸಾಕು. 1999ರಲ್ಲಿ ಬಂದ ಗಿಗಾಬಿಟ್ ವಿಧಾನಕ್ಕೆ ಎಂಟೂ ಬೇಕು. ಇಲಿ ಕಡಿದೋ ಬಾಗಿಲ ಸಂದಿನಲ್ಲಿ ಜಜ್ಜಿಯೋ ಒಂದು ಎಳೆ ಹೋದರೆ, ಅನೇಕ ವೇಳೆ ಸಂಪರ್ಕ ನಿಲ್ಲುವುದಿಲ್ಲ. ಸದ್ದಿಲ್ಲದೆ ಹತ್ತನೆಯ ಒಂದು ಪಾಲಿನ ವೇಗಕ್ಕೆ ಇಳಿಯುತ್ತದೆ. ಇನ್ನೂ ಮಾಯಾವಿಯಾದ ದೋಷ ಜೋಡಿ ಬೇರ್ಪಟ್ಟದ್ದು. ಕೊಂಡಿಯ 3 ಮತ್ತು 6ನೆಯ ಸ್ಥಾನಗಳಿಗೆ ಒಂದೇ ಜೋಡಿಯ ಎಳೆಗಳು ಹೋಗಬೇಕು. ಇದನ್ನು ತಿಳಿಯದೆ ಬಣ್ಣಗಳನ್ನು ಅಂದವಾಗಿ ಸಾಲಾಗಿ ಕೂಡಿಸಿದರೆ ವಿದ್ಯುತ್ ಈ ತುದಿಯಿಂದ ಆ ತುದಿಗೆ ಹಾಯುತ್ತದೆ, ದೀಪವೂ ಉರಿಯಬಹುದು, ಆದರೆ ಬೆಲ್ಲರ ಹೊಸೆತದ ಫಲ ಕಳೆದುಹೋಗುತ್ತದೆ. ಸಂಪರ್ಕ ತಡವರಿಸುತ್ತಲೇ ಇರುತ್ತದೆ. ‘ತಂತಿ ತುಂಡಾಗಿಲ್ಲ’ ಎಂಬುದೂ ‘ತಂತಿ ಸರಿಯಾಗಿದೆ’ ಎಂಬುದೂ ಬೇರೆ ಬೇರೆ ಹೇಳಿಕೆಗಳೆಂದು ಇದು ಕಲಿಸುತ್ತದೆ.

ತಂತಿ ಸರಿಯಿದ್ದರೆ ಮುಂದಿನ ಪ್ರಶ್ನೆ ವಿಳಾಸದ್ದು. 1993ರಿಂದ ಈಚೆಗೆ ರೂಢಿಗೆ ಬಂದ ಡಿಎಚ್‌ಸಿಪಿ ಎಂಬ ಏರ್ಪಾಟಿನಲ್ಲಿ ಕಂಪ್ಯೂಟರು ಜಾಲವನ್ನು ಸೇರುತ್ತಲೇ ‘ನನ್ನ ವಿಳಾಸವೇನು?’ ಎಂದು ಕೇಳುತ್ತದೆ. ರೂಟರು ಒಂದನ್ನು ಕೊಡುತ್ತದೆ. ಮನೆಗಳಲ್ಲಿ ಅದು ಹೆಚ್ಚಾಗಿ 192.168 ಎಂದು ಆರಂಭವಾಗುವ ಖಾಸಗಿ ವಿಳಾಸ. ಅದರ ಬದಲು 169.254 ಎಂದು ಆರಂಭವಾದ ಸಂಖ್ಯೆ ಕಂಡರೆ, ಉತ್ತರ ಕೊಡುವವರಿಲ್ಲದೆ ಕಂಪ್ಯೂಟರು ತನಗೆ ತಾನೇ ಹೆಸರಿಟ್ಟುಕೊಂಡಿದೆ ಎಂದರ್ಥ. ದೋಷ ನಮಗೂ ರೂಟರಿಗೂ ನಡುವೆ ಇದೆ. ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಆಮೇಲೆ ಬರುವುದು ಪಿಂಗ್. ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಗಳ ಸೋನಾರ್ ಯಂತ್ರದ ಸದ್ದೇ ಅದರ ಹೆಸರು. ಒಂದು ಸಣ್ಣ ಪೊಟ್ಟಣವನ್ನು ಕಳುಹಿಸಿ, ಅದು ಮರಳಿ ಬರುವುದೋ, ಬಂದರೆ ಎಷ್ಟು ಹೊತ್ತಿಗೆ ಎಂಬುದನ್ನು ನೋಡುವುದಷ್ಟೇ ಅದರ ಕೆಲಸ. ತಾನು ಕೇಳಿದ ಅತ್ಯುತ್ತಮ ಪಿಂಗ್ ಕಥೆಯೆಂದು ಮೂಸ್ ಹೇಳಿಕೊಂಡ ಪ್ರಸಂಗವೊಂದಿದೆ. ಆಗಾಗ ಕೈಕೊಡುತ್ತಿದ್ದ ಜಾಲದ ಮೇಲ್ವಿಚಾರಕರೊಬ್ಬರು ಪಿಂಗ್ ಮರಳಿದಾಗಲೆಲ್ಲ ಕಂಪ್ಯೂಟರ್ ಗಟ್ಟಿಯಾಗಿ ಉಚ್ಚರಿಸುವಂತೆ ಅದನ್ನು ಸ್ಟೀರಿಯೋಗೆ ಜೋಡಿಸಿ, ಕಟ್ಟಡದಲ್ಲೆಲ್ಲ ಓಡಾಡುತ್ತ ಒಂದೊಂದೇ ಕೊಂಡಿಯನ್ನು ಅಲುಗಿಸಿದರಂತೆ. ಎಲ್ಲಿ ಅಲುಗಿಸಿದಾಗ ಕೂಗು ನಿಂತಿತೋ ಅದೇ ಸಡಿಲ ಕೊಂಡಿ. ಕೇಳುವ ಕಿವಿಯನ್ನು ಸೂಕ್ಷ್ಮಗೊಳಿಸಬೇಕೆಂದ ಥಾಮ್ಸನ್ ಇದನ್ನು ಮೆಚ್ಚುತ್ತಿದ್ದರು.

ಮನೆಯಲ್ಲಿ ಪಿಂಗನ್ನು ಹತ್ತಿರದಿಂದ ದೂರಕ್ಕೆ ಪ್ರಯೋಗಿಸಬೇಕು. ಮೊದಲು ರೂಟರಿನ ವಿಳಾಸಕ್ಕೆ. ಉತ್ತರ ಬಂದರೆ ಮನೆಯೊಳಗಿನ ದಾರಿ ಸರಿ. ಆಮೇಲೆ 8.8.8.8ರಂಥ ಹೊರಗಿನ ಪ್ರಸಿದ್ಧ ವಿಳಾಸಕ್ಕೆ. ಉತ್ತರ ಬಂದರೆ ಕಂಪನಿಯ ದಾರಿಯೂ ಸರಿ. ಕೊನೆಗೆ ಸಂಖ್ಯೆಯ ಬದಲು ಯಾವುದಾದರೂ ತಾಣದ ಹೆಸರಿಗೆ. ಸಂಖ್ಯೆಗೆ ಉತ್ತರ ಬಂದು ಹೆಸರು ಪತ್ತೆಯಾಗದಿದ್ದರೆ ದೋಷ ಹೆಸರನ್ನು ಸಂಖ್ಯೆಯಾಗಿಸುವ ಡಿಎನ್‌ಎಸ್ ವ್ಯವಸ್ಥೆಯದು. ಒಂದು ಕಾಲಕ್ಕೆ ಜಾಲದ ಎಲ್ಲ ಕಂಪ್ಯೂಟರುಗಳ ಹೆಸರುಗಳೂ ಕ್ಯಾಲಿಫೋರ್ನಿಯಾದಲ್ಲಿ ಇಡುತ್ತಿದ್ದ ಒಂದೇ ಕಡತದಲ್ಲಿದ್ದವು. ಪಾಲ್ ಮೋಕಾಪೆಟ್ರಿಸ್ 1983ರಲ್ಲಿ ಅದನ್ನು ಹಂಚಿಹೋದ ವ್ಯವಸ್ಥೆಯಾಗಿ ಮಾರ್ಪಡಿಸಿದರು. ನಡುವೆ ಎಲ್ಲಿ ನಿಂತಿತೆಂದು ತಿಳಿಯಲು ವ್ಯಾನ್ ಜೇಕಬ್‌ಸನ್ 1980ರ ದಶಕದ ಕೊನೆಗೆ ರೂಪಿಸಿದ ಟ್ರೇಸ್‌ರೂಟ್ ಇದೆ. ಅದು ದಾರಿಯ ನಿಲ್ದಾಣಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಒಂದು ಎಚ್ಚರ: ಕೆಲವು ಯಂತ್ರಗಳು ಭದ್ರತೆಗಾಗಿ ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಮೌನವೆಲ್ಲ ಮರಣವಲ್ಲ.

ಭಾರತದಲ್ಲಿ ಈ ಜಾಲ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯ ಮೂಲಕ ಕಾಲಿಟ್ಟಿತು. ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ಸಾಫ್ಟ್‌ವೇರ್ ಕೇಂದ್ರ ಮತ್ತು ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ಅದರಲ್ಲಿದ್ದವು. ಜನಸಾಮಾನ್ಯರಿಗೆ ಅದು ದೊರೆತದ್ದು 1995ರ ಆಗಸ್ಟ್ 15ರಿಂದ, ದೂರವಾಣಿ ತಂತಿಯ ಮೂಲಕ. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು ಕನಿಷ್ಠ ಎಂದಿತು. ಮಳೆಗಾಲದಲ್ಲಿ ಕಂಬದ ಪೆಟ್ಟಿಗೆಗೆ ನೀರಿಳಿದು ತಾಮ್ರದ ಜೋಡಣೆ ಹಸಿರುಗಟ್ಟಿದರೆ ಸಂಪರ್ಕ ಕಡಿಯುತ್ತಿತ್ತು. ಮಹಾನಗರಗಳಲ್ಲಿ ಕೇಬಲ್ ಟಿವಿಯವರು ತಾರಸಿಯಿಂದ ತಾರಸಿಗೆ ಈಥರ್ನೆಟ್ ತಂತಿಯನ್ನೇ ಎಳೆದರು. 100 ಮೀಟರಿನ ಮಿತಿ, ಸಿಡಿಲಿನ ಭಯ ಎರಡನ್ನೂ ಲೆಕ್ಕಿಸದ ಆ ಸಾಹಸದ ಫಲವನ್ನು ಗುಡುಗಿನ ಮರುದಿನ ಸತ್ತ ಪೋರ್ಟ್‌ಗಳು ಹೇಳುತ್ತಿದ್ದವು. ಈಗ ಮನೆಯವರೆಗೆ ಗಾಜಿನ ಎಳೆ ಬಂದಿದೆ. ಅದು ತುಂಡಾದಾಗ ತಂತ್ರಜ್ಞರು ಬೆಳಕಿನ ಮಿಡಿತವೊಂದನ್ನು ಕಳುಹಿಸಿ, ಅದು ಪ್ರತಿಫಲಿಸಿ ಮರಳುವ ಕಾಲದಿಂದ ದೋಷದ ದೂರವನ್ನು ಲೆಕ್ಕ ಹಾಕುತ್ತಾರೆ. ದಡದಲ್ಲಿ ಕುಳಿತು ಸಾಗರವನ್ನು ಅಳೆದವರ ವಿದ್ಯೆ ಹೀಗೆ ಬೀದಿಯ ಕಂಬದವರೆಗೆ ಬಂದಿದೆ.

ಈ ವಿದ್ಯೆ ಸಾಮಾನ್ಯನಿಗೇಕೆ? ನಮ್ಮಂಥ ಹೊರನಾಡಿನ ಕನ್ನಡಿಗರಿಗೆ ತಂತಿಯೆಂಬುದು ಊರಿನ ಹಿರಿಯರ ಮುಖ ಕಾಣುವ ಕಿಂಡಿ, ಮಕ್ಕಳ ಪರೀಕ್ಷಾ ಅರ್ಜಿಯ ಕೊನೆಯ ದಿನ, ಬಳಗದ ಸಭೆ. ಅದು ಕಡಿದಾಗ ಸಹಾಯವಾಣಿಯಲ್ಲಿ ಸಿಗುವವರಿಗೆ ನಮ್ಮ ಭಾಷೆ ಬಾರದು. ವರ್ಗಾವಣೆಯಾಗಿ ಬಂದ ಹೊಸತರಲ್ಲಿ ಅವರ ಭಾಷೆ ನಮಗೂ ಬಾರದು. ‘ಇಂಟರ್ನೆಟ್ ಇಲ್ಲ’ ಎಂಬ ದೂರಿಗೆ ಎಲ್ಲ ಭಾಷೆಯಲ್ಲೂ ಸಿಗುವುದು ಒಂದೇ ಉತ್ತರ, ‘ರೂಟರ್ ಆರಿಸಿ ಹೊತ್ತಿಸಿ’. ಅದರ ಬದಲು ‘ದೀಪ ಉರಿಯುತ್ತಿದೆ, ರೂಟರ್ ಉತ್ತರಿಸುತ್ತಿದೆ, ಅದರ ಮುಂದಿನ ನಿಲ್ದಾಣದಿಂದ ಉತ್ತರವಿಲ್ಲ’ ಎಂದು ಮೂರು ಸಂಗತಿಗಳನ್ನು ಹರಕುಮುರುಕು ಮರಾಠಿಯಲ್ಲೋ ತಮಿಳಿನಲ್ಲೋ ಹೇಳಿದರೂ ಮಾತಿನ ತೂಕ ಬೇರೆಯಾಗುತ್ತದೆ. ಮನೆಯ ಹೊಣೆ ಎಲ್ಲಿ ಮುಗಿದು ಕಂಪನಿಯ ಹೊಣೆ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ಎಳೆದುಕೊಟ್ಟ ಗ್ರಾಹಕನನ್ನು ಅಲೆದಾಡಿಸುವುದು ಸುಲಭವಲ್ಲ. ದೋಷ ನಮ್ಮ ಮನೆಯದೇ ಎಂದು ಕಂಡರೆ, ಒಂದು ಕೇಬಲ್ಲಿನ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ.

ವೈಟ್‌ಹೌಸನ ಹಾದಿ ಇಂದಿಗೂ ಮುಚ್ಚಿಲ್ಲ. ಸಂಪರ್ಕ ನಿಧಾನವಾದೊಡನೆ ಇನ್ನೂ ಹೆಚ್ಚಿನ ವೇಗದ, ಹೆಚ್ಚಿನ ಬೆಲೆಯ ಯೋಜನೆಗೆ ಬದಲಾಯಿಸುವವರು, ಕಾರಣ ಹುಡುಕದೆ ರೂಟರಿನ ಸೆಟ್ಟಿಂಗುಗಳನ್ನೆಲ್ಲ ಅಳಿಸುವವರು ಆ ಹಾದಿಯಲ್ಲೇ ನಡೆಯುತ್ತಿದ್ದಾರೆ. ಜಜ್ಜಿದ ಒಂದು ಎಳೆ ಎಲ್ಲ ವೇಗಗಳನ್ನೂ ಒಂದೇ ಮಟ್ಟಕ್ಕೆ ಇಳಿಸುತ್ತದೆ. ಏನನ್ನಾದರೂ ಬದಲಿಸುವ ಮುನ್ನ ದೀಪ, ವಿಳಾಸ, ರೂಟರು, ಹೊರಗಿನ ಸಂಖ್ಯೆ, ಹೆಸರು ಎಂಬ ಐದನ್ನು ಈ ಕ್ರಮದಲ್ಲಿ ನೋಡಿ, ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಅದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ.