ಮುಲ್ಕಿಯಿಂದ 371(ಜೆ) ವರೆಗೆ: ಸೇಡಂ–ಚಿತ್ತಾಪುರ ಸೀಮೆಯಲ್ಲಿ ವಲಸೆ ಮತ್ತು ಸ್ಥಳೀಯ ಹಕ್ಕು

ಹಿಂದಿನ ಹೈದರಾಬಾದ್ ಸಂಸ್ಥಾನದಲ್ಲಿ ‘ಈ ನಾಡಿನವರು’ ಎಂದು ಸರ್ಕಾರ ಒಪ್ಪಿಕೊಂಡವರನ್ನು ‘ಮುಲ್ಕಿ’ ಎನ್ನುತ್ತಿದ್ದರು. ಮುಲ್ಕ್ ಎಂದರೆ ನಾಡು. ಹೊರಗಿನಿಂದ ಬಂದವರು ‘ಗೈರ್‌ಮುಲ್ಕಿ’ಗಳು. ಸರ್ಕಾರಿ ನೌಕರಿ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯಿಂದ ಹುಟ್ಟಿದ ಈ ವಿಂಗಡಣೆ ಕಲಬುರಗಿ (ಹಿಂದಿನ ಗುಲ್ಬರ್ಗಾ) ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿ ಸೀಮೆಯಲ್ಲಿ ಮೂರು ಆಡಳಿತಗಳನ್ನು ಕಂಡಿದೆ: ನಿಜಾಮರದು, ಹೈದರಾಬಾದ್ ರಾಜ್ಯದ್ದು, ಕರ್ನಾಟಕದ್ದು. ಇಂದು ಅದೇ ಪ್ರಶ್ನೆ ಸಂವಿಧಾನದ 371(ಜೆ) ವಿಧಿಯ ರೂಪದಲ್ಲಿ ಜೀವಂತವಾಗಿದೆ.

ಹಿನ್ನೆಲೆ: ರೈಲು, ಫರಸಿ, ಸಿಮೆಂಟು

ಈ ಸೀಮೆಗೆ ಹೊರಗಿನ ಜನ ದೊಡ್ಡ ಸಂಖ್ಯೆಯಲ್ಲಿ ಬರಲು ದಾರಿ ತೆರೆದದ್ದು ರೈಲು. ಮುಂಬೈ ಕಡೆಯಿಂದ ರಾಯಚೂರಿಗೆ ಹೋಗುವ ಹಳಿ 1871ರಲ್ಲಿ ಶಹಾಬಾದ್, ವಾಡಿ ದಾಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಆ ಹಾದಿಯ ನಿಲ್ದಾಣಗಳಾದವು. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡಕ್ಕೆ ಹೈದರಾಬಾದ್ ಹತ್ತಿರದ ರಾಜಧಾನಿಯಾಯಿತು.

ಈ ನೆಲದಡಿಯ ಸುಣ್ಣಕಲ್ಲು ಎರಡು ಬಗೆಯ ದುಡಿಮೆಯನ್ನು ಬೆಳೆಸಿತು. ಪದರ ಪದರವಾಗಿ ಏಳುವ ಕಲ್ಲು ‘ಶಹಾಬಾದಿ ಫರಸಿ’ ಎಂಬ ಹೆಸರಿನಲ್ಲಿ ದೂರದೂರದ ಮನೆಗಳ ನೆಲಹಾಸಾಯಿತು. ಅದೇ ಕಲ್ಲು ಸಿಮೆಂಟಿಗೂ ಮೂಲವಸ್ತು. ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಎ.ಸಿ.ಸಿ. ಒಕ್ಕೂಟದಲ್ಲಿ ಸೇರಿತು. 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ ಆರಂಭವಾಯಿತು. 1980ರ ದಶಕದಲ್ಲಿ ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಕಾರ್ಖಾನೆಗಳು ಬಂದವು. ಹೀಗೆ ಕಾರ್ಖಾನೆಗೆ ಹೊರಗಿನ ನುರಿತ ಕೆಲಸಗಾರರು ಬರುವುದು, ಮಳೆಯಾಧಾರದ ತೊಗರಿ ಹೊಲದವರು ಕೆಲಸ ಹುಡುಕಿ ‘ಗುಳೆ’ ಹೋಗುವುದು ಒಂದೇ ನೆಲದ ಮೇಲೆ ಜೊತೆಜೊತೆಗೆ ನಡೆದವು. ಸ್ಥಳೀಯತೆಯ ಚರ್ಚೆಗೆ ಇಲ್ಲಿ ಕಾವು ಬಂದದ್ದು ಈ ಎರಡು ಹರಿವುಗಳು ಎದುರುಬದುರಾದ ಕಾರಣಕ್ಕೆ.

ಮುಲ್ಕಿ ನಿಯಮಗಳು

1853ರಿಂದ 1883ರವರೆಗೆ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್ ಆಡಳಿತ ಸುಧಾರಣೆಗಾಗಿ ಉತ್ತರ ಹಿಂದೂಸ್ಥಾನದಿಂದ ವಿದ್ಯಾವಂತರನ್ನು ಕರೆಸಿಕೊಂಡರು. 1880ರ ದಶಕದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದ ಮೇಲೆ ಹೊರಗಿನವರ ಕೈ ಇನ್ನೂ ಮೇಲಾಯಿತು. ಊರಿನ ಹಳೆಯ ಅಧಿಕಾರಿ ಮನೆತನಗಳಲ್ಲಿ ಅಸಮಾಧಾನ ಬೆಳೆಯಿತು.

1919ರ ನಿಜಾಮರ ಫರ್ಮಾನು (ರಾಜಾಜ್ಞೆ) ಮುಲ್ಕಿ ಯಾರೆಂಬುದಕ್ಕೆ ಸ್ಪಷ್ಟ ನಿಯಮ ಕೊಟ್ಟಿತು. ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವರು ಮುಲ್ಕಿ. ಕನಿಷ್ಠ 15 ವರ್ಷ ಕಾಯಂ ವಾಸವಿದ್ದು, ಹಿಂದಿನ ಊರಿಗೆ ಮರಳುವ ವಿಚಾರ ಬಿಟ್ಟಿದ್ದೇನೆಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ ಮಾಡಿದವರೂ ಮುಲ್ಕಿ. ಮುಲ್ಕಿಯ ಹೆಂಡತಿಯೂ ಮುಲ್ಕಿ. ತಾಯಿಯ ಹೆಸರಿನಲ್ಲಿ ಹಕ್ಕು ಪಡೆಯುವ ದಾರಿಯನ್ನು ಈ ನಿಯಮ ಹೇಳಲಿಲ್ಲ. ಮತ, ಭಾಷೆಗಳನ್ನು ಅದು ಕೇಳದೆ ಹೋದದ್ದರಿಂದಲೇ 1930ರ ದಶಕದ ನಿಜಾಂ ಪ್ರಜೆಗಳ ಲೀಗಿನಲ್ಲಿ ಹಿಂದೂ, ಮುಸ್ಲಿಮ್ ಮುಲ್ಕಿಗಳು ಒಟ್ಟಿಗೆ ನಿಲ್ಲುವುದು ಸಾಧ್ಯವಾಯಿತು. ಆದರೆ ಆ ನೌಕರಿಗೆ ಬೇಕಾದ ಉರ್ದು ಓದು ಕನ್ನಡ ಹಳ್ಳಿಗಳಲ್ಲಿ ಸುಲಭಕ್ಕೆ ದಕ್ಕುತ್ತಿರಲಿಲ್ಲ. ಸೇಡಂ, ಚಿಂಚೋಳಿಯ ರೈತನ ಮಗನಿಗೆ ಮುಲ್ಕಿ ಎಂಬ ಹಕ್ಕು ಇತ್ತು, ಅದನ್ನು ಬಳಸಿಕೊಳ್ಳುವ ಶಾಲೆ ಇರಲಿಲ್ಲ.

1948ರಿಂದ 1956: ಗಡಿಗಳು ಸರಿದ ಕಾಲ

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ನೆರೆ ಪ್ರಾಂತಗಳಿಂದ ಅಧಿಕಾರಿಗಳು, ಶಿಕ್ಷಕರು ಬಂದರು. ಸುಳ್ಳು ಮುಲ್ಕಿ ಪ್ರಮಾಣಪತ್ರಗಳ ಬಗ್ಗೆ ದೂರುಗಳೆದ್ದವು. 1952ರಲ್ಲಿ ವಿದ್ಯಾರ್ಥಿಗಳ ಮುಲ್ಕಿ ಚಳವಳಿ ವರಂಗಲ್ಲಿನಿಂದ ಹೈದರಾಬಾದಿಗೆ ಹಬ್ಬಿತು. ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾಗಿದ್ದ ಆ ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ಪೊಲೀಸರ ಗುಂಡಿಗೆ ಜೀವಗಳು ಬಲಿಯಾದವು.

1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರ್ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಗುಲ್ಬರ್ಗಾ ಜಿಲ್ಲೆಯದೇ ಆಗಿದ್ದ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಸೇಡಂ, ಚಿಂಚೋಳಿಯ ಜನಕ್ಕೆ ಸಂತೆ, ಬೀಗತನ, ಕೂಲಿ ಎಲ್ಲ ಇದ್ದ ನೆರೆಯ ತಾಲೂಕು ಒಂದೇ ರಾತ್ರಿಯಲ್ಲಿ ಬೇರೆ ರಾಜ್ಯವಾಯಿತು. ಜನ ಇದ್ದಲ್ಲೇ ಇದ್ದರು. ಗಡಿ ನಡುವೆ ಬಂದು ಅವರ ದಿನನಿತ್ಯದ ಓಡಾಟವನ್ನು ವಲಸೆ ಮಾಡಿತು.

ರಕ್ಷಣೆ ಇಲ್ಲದ ದಶಕಗಳು

ವಾಸಸ್ಥಳದ ಆಧಾರದ ಮೇಲೆ ಸರ್ಕಾರಿ ನೌಕರಿಯಲ್ಲಿ ಭೇದ ಮಾಡಬಾರದೆಂಬುದು ಸಂವಿಧಾನದ 16ನೇ ವಿಧಿಯ ಮಾತು. ವಿನಾಯಿತಿ ಕೊಡುವ ಅಧಿಕಾರ ಸಂಸತ್ತಿಗೆ ಮಾತ್ರ. 1957ರಲ್ಲಿ ಸಂಸತ್ತು ಇಂಥ ಹಳೆಯ ನಿಯಮಗಳನ್ನು ತೆಗೆದುಹಾಕಿ, ತೆಲಂಗಾಣಕ್ಕೆ ಮತ್ತು ಬೇರೆ ಕೆಲವು ಪ್ರದೇಶಗಳಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಅದೇ ಸಂಸ್ಥಾನದ ಕನ್ನಡ ಜಿಲ್ಲೆಗಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ತೆಲಂಗಾಣದ ಮುಖಂಡರು 1956ರಲ್ಲಿ ‘ಸಜ್ಜನರ ಒಪ್ಪಂದ’ದ ಮೂಲಕ ಷರತ್ತು ಹಾಕಿಯೇ ಆಂಧ್ರದೊಂದಿಗೆ ಕೂಡಿದ್ದರು, ಇಲ್ಲಿಯವರು ಷರತ್ತಿಲ್ಲದೆ ಕನ್ನಡ ನಾಡಿಗೆ ಬಂದರು. 1969ರಲ್ಲಿ ಸುಪ್ರೀಂ ಕೋರ್ಟ್ ತೆಲಂಗಾಣದ ವಿನಾಯಿತಿಯನ್ನು ರದ್ದು ಮಾಡಿತು, 1972ರಲ್ಲಿ ಮುಲ್ಕಿ ನಿಯಮಗಳು ಊರ್ಜಿತವೆಂದಿತು. ಆ ಗೊಂದಲ ಬಗೆಹರಿಸಲು ಸಂಸತ್ತು 1973ರ 32ನೇ ತಿದ್ದುಪಡಿಯಿಂದ ಆಂಧ್ರಪ್ರದೇಶಕ್ಕೆ, ನೌಕರಿ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಆದ್ಯತೆ ಕೊಡಬಲ್ಲ 371(ಡಿ) ವಿಧಿ ಕೊಟ್ಟಿತು. ಗಡಿಯಾಚೆ ಸಿಕ್ಕದ್ದು ಗಡಿಯೀಚೆ ಏಕಿಲ್ಲ ಎಂಬ ಕೇಳಿಕೆಗೆ ಬೇರು ಇಲ್ಲಿದೆ.

ಹಿಂದುಳಿದಿರುವಿಕೆಗೆ ಲೆಕ್ಕದ ಆಧಾರ ಒದಗಿದ್ದು ಸಮಿತಿಗಳಿಂದ. 1980ರ ದಶಕದ ಆರಂಭದಲ್ಲಿ ಎನ್. ಧರಂಸಿಂಗ್ ಸಮಿತಿ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬೇಕೆಂದಿತು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ಚಿಂಚೋಳಿಯ ಶಾಸಕರಾಗಿದ್ದ ವೈಜನಾಥ ಪಾಟೀಲರು ವಿಶೇಷ ಸ್ಥಾನಮಾನದ ಹೋರಾಟವನ್ನು ವರ್ಷಗಟ್ಟಲೆ ನಡೆಸಿದರು. ಚಿತ್ತಾಪುರದಿಂದ ಶಾಸಕರಾಗಿ, ಬಳಿಕ ಗುಲ್ಬರ್ಗಾದ ಸಂಸದರಾಗಿ ಕೇಂದ್ರ ಸಚಿವರಾದ ಮಲ್ಲಿಕಾರ್ಜುನ ಖರ್ಗೆ ಅದನ್ನು ದೆಹಲಿಯಲ್ಲಿ ಮುಂದುವರಿಸಿದರು.

371(ಜೆ) ವಿಧಿ

2012ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ 98ನೇ ತಿದ್ದುಪಡಿ 2013ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ಆರು ಜಿಲ್ಲೆಗಳು ಅದರೊಳಗೆ ಸೇರಿದವು. ಬಳ್ಳಾರಿ ನಿಜಾಮರ ಆಳಿಕೆಯ ಕೊನೆಗಾಲದಲ್ಲಿ ಮದ್ರಾಸ್ ಪ್ರಾಂತದಲ್ಲಿತ್ತು. ಅದನ್ನೂ ಸೇರಿಸಿದ್ದರಿಂದ ಈ ಹಕ್ಕಿನ ಆಧಾರ ಹಳೆಯ ಸಂಸ್ಥಾನದಿಂದ ಇಂದಿನ ಹಿಂದುಳಿದಿರುವಿಕೆಯ ಕಡೆಗೆ ಸರಿಯಿತು.

ಪ್ರದೇಶದ ಸರ್ಕಾರಿ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ವರ್ಗದಲ್ಲಿ ಶೇ. 75, ‘ಸಿ’ಯಲ್ಲಿ ಶೇ. 80, ‘ಡಿ’ಯಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳಿವೆ. ಇಲ್ಲಿ ಹುಟ್ಟಿದವರು, 2013ರ ಜನವರಿ 1ಕ್ಕೆ ಮುಂಚೆ ಕನಿಷ್ಠ 10 ವರ್ಷ ವಾಸವಿದ್ದವರು, ಅಂಥವರ ಮಕ್ಕಳು ಸ್ಥಳೀಯರು. ಅರ್ಹತಾ ಪ್ರಮಾಣಪತ್ರವನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಿಗೆ ಆ ಕಚೇರಿ ಸೇಡಂನಲ್ಲಿದೆ. ಮುಲ್ಕಿಯ 15 ವರ್ಷ ಇಲ್ಲಿ 10 ಆಗಿದೆ, ಮ್ಯಾಜಿಸ್ಟ್ರೇಟರ ಜಾಗಕ್ಕೆ ಸಹಾಯಕ ಆಯುಕ್ತರು ಬಂದಿದ್ದಾರೆ. ಹುಟ್ಟು, ವಾಸ, ಕಾಗದ ಎಂಬ ಮೂರು ಕಂಬಗಳು ಮಾತ್ರ ಹಳೆಯವೇ. 2019ರ ಸೆಪ್ಟೆಂಬರ್ 17ರಂದು ಪ್ರದೇಶಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂತು.

ಖಾಸಗಿ ಕಾರ್ಖಾನೆಗಳು ಈ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. 1986ರ ಸರೋಜಿನಿ ಮಹಿಷಿ ವರದಿಯೂ 2024ರಲ್ಲಿ ತಡೆಹಿಡಿದ ಸ್ಥಳೀಯ ಉದ್ಯೋಗ ಮಸೂದೆಯೂ ರಾಜ್ಯದ ಮಟ್ಟದಲ್ಲಿ ಅಲ್ಲಿನ ಉದ್ಯೋಗದ ಪ್ರಶ್ನೆಯನ್ನು ಎತ್ತಿವೆ. ಎರಡರಲ್ಲೂ 15 ವರ್ಷದ ವಾಸ ಮತ್ತೆ ಕಾಣುತ್ತದೆ, ಜೊತೆಗೆ ಮುಲ್ಕಿ ನಿಯಮ ಕೇಳದಿದ್ದ ಕನ್ನಡ ಬಲ್ಲವರಾಗಿರಬೇಕೆಂಬ ಷರತ್ತೂ ಇದೆ.

ತಾಂಡಾಗಳು

ಸ್ಥಳೀಯತೆಯ ಪ್ರಶ್ನೆ ಹೆಚ್ಚು ತೀಕ್ಷ್ಣವಾಗಿ ತಟ್ಟುವುದು ಲಂಬಾಣಿಗರಿಗೆ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖನ್ನಿಗೆ ಬಂದ ಈ ಸಮುದಾಯ ರೈಲು ಬಂದ ಮೇಲೆ ಆ ಕಸುಬನ್ನು ಕಳೆದುಕೊಂಡಿತು. ಚಿಂಚೋಳಿ, ಚಿತ್ತಾಪುರ, ಸೇಡಂ ತಾಲೂಕುಗಳ ತಾಂಡಾಗಳಿಂದ, ಅಂದರೆ ಲಂಬಾಣಿಗರ ವಸತಿಗಳಿಂದ, ಕುಟುಂಬಗಳು ಇಂದಿಗೂ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಅವರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ವಲಸೆ ಹೋದವರು ಹುಟ್ಟೂರಿನ ಮೀಸಲಾತಿಯನ್ನು ಬೇರೆ ರಾಜ್ಯದಲ್ಲಿ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ.

ತಾಂಡಾಗಳೆಷ್ಟೋ ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿಯವರ ಸಮ್ಮುಖದಲ್ಲಿ, ಐದು ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿದ ನಂತರದ ಹಕ್ಕುಪತ್ರಗಳನ್ನು 50,000ಕ್ಕೂ ಹೆಚ್ಚು ಕುಟುಂಬಗಳಿಗೆ ನೀಡಲಾಯಿತು.

ಅಧ್ಯಯನಗಳು

1978 ಈ ವಿಷಯದ ಅಧ್ಯಯನದಲ್ಲಿ ಮುಖ್ಯ ವರ್ಷ. ಇತಿಹಾಸಕಾರ್ತಿ ಕರೆನ್ ಲಿಯೊನಾರ್ಡ್ ಹೈದರಾಬಾದಿನ ಮುಲ್ಕಿ–ಗೈರ್‌ಮುಲ್ಕಿ ಸಂಘರ್ಷದ ಬಗ್ಗೆ ಬರೆದರು. ರಾಜಕೀಯ ವಿಜ್ಞಾನಿ ಮೈರನ್ ವೀನರ್ ‘ಸನ್ಸ್ ಆಫ್ ದ ಸಾಯಿಲ್’ ಗ್ರಂಥದಲ್ಲಿ ಅಸ್ಸಾಂ, ಬಿಹಾರದೊಂದಿಗೆ ಹೈದರಾಬಾದನ್ನಿಟ್ಟು ನೋಡಿದರು. ಇತಿಹಾಸಕಾರ್ತಿ ಟೇಲರ್ ಶೆರ್ಮನ್ 2015ರ ಪುಸ್ತಕದಲ್ಲಿ 1948ರ ನಂತರ ಹೈದರಾಬಾದಿನ ಮುಸ್ಲಿಮರು ಪೌರತ್ವವನ್ನು ದಿನದಿನದ ವ್ಯವಹಾರದಲ್ಲಿ ಹೇಗೆ ಗಳಿಸಿಕೊಳ್ಳಬೇಕಾಯಿತು ಎಂದು ತೋರಿಸಿದರು.

ಯುರೋಪಿನ ಪೌರತ್ವ ಅಧ್ಯಯನವೂ ಇದೇ ನೆಲೆಯದು. ಸಮಾಜಶಾಸ್ತ್ರಜ್ಞ ರೋಜರ್ಸ್ ಬ್ರೂಬೇಕರ್ 1992ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯನ್ನು ಹೋಲಿಸಿ, ಹುಟ್ಟಿದ ನೆಲ ಮತ್ತು ವಂಶ ಎಂಬ ಎರಡು ಅಳತೆಗಳ ಇತಿಹಾಸ ಬಿಡಿಸಿದರು. 1990ರ ದಶಕದ ಜರ್ಮನಿಯಲ್ಲಿ ವಿದೇಶಿ ಕೆಲಸಗಾರರು ಪೌರತ್ವದ ಹಕ್ಕು ಕೇಳಲು ಬೇಕಿದ್ದದ್ದೂ 15 ವರ್ಷದ ವಾಸವೇ. 2000ದಲ್ಲಿ ಅದು 8ಕ್ಕೆ ಇಳಿಯಿತು. ಅಲ್ಲಿ ಆ ಲೆಕ್ಕ ದೇಶದ ಬಾಗಿಲಿನಲ್ಲಿ ನಡೆಯುತ್ತದೆ, ಇಲ್ಲಿ ಒಂದೇ ದೇಶದ ಪ್ರಜೆಗಳ ನಡುವೆ ನಡೆಯುತ್ತದೆ.

ಹೈದರಾಬಾದಿನ ಈ ಅಧ್ಯಯನಗಳಲ್ಲಿ ಹೆಚ್ಚು ಕಾಣುವುದು ಹೈದರಾಬಾದ್ ನಗರ ಮತ್ತು ನೌಕರಿಗೆ ಅರ್ಜಿ ಹಾಕಿದವರು. ಫರಸಿ ಗಣಿಯ ಕೂಲಿಯವರು, ಗುಳೆ ಹೋದವರು ಅಂಚಿನಲ್ಲಿದ್ದಾರೆ. ವಾಸವನ್ನು ವರ್ಷಗಳಲ್ಲಿ ಎಣಿಸುವ ನಿಯಮ ಒಂದೇ ಕಡೆ ನೆಲೆ ನಿಂತವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ವರ್ಷದ ಅರ್ಧ ಪುಣೆಯ ಕಟ್ಟಡದ ನೆರಳಲ್ಲಿ, ಅರ್ಧ ತಾಂಡಾದಲ್ಲಿ ಕಳೆಯುವ ಮಗುವಿನ ಶಾಲಾ ದಾಖಲೆ ಎರಡೂ ಕಡೆ ಅರ್ಧ. 371(ಜೆ) ಕೊಟ್ಟ ಹಕ್ಕು ದೊಡ್ಡದು; ಆ ಮಗು ಬೆಳೆದು ಸೇಡಂನ ಕಚೇರಿಗೆ ಬಂದಾಗ ಅದು ಕೈಗೆ ಸಿಗಬೇಕಾದರೆ ಸಂಶೋಧಕರೂ ಕಂದಾಯ ಇಲಾಖೆಯೂ ಗುಳೆಯ ಆ ಹಾದಿಯನ್ನೇ ದಾಖಲಿಸಬೇಕಿದೆ.