ಸಿರಪ್ಪಿನ ಸಾವುಗಳು ಮತ್ತು ಔಷಧ ಕಾನೂನು

ಭಾರತದ ಔಷಧ ಕಾನೂನಿನ ಕಥೆಯನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಒಂದೇ ರಾಸಾಯನಿಕದ ಜಾಡು ಹಿಡಿದು ಹೇಳಬಹುದು. ಕಾರ್ಖಾನೆಗಳಲ್ಲಿ ಬಳಕೆಯಾಗುವ ಈ ದ್ರವ ನೋಡಲು ಗ್ಲಿಸರಿನ್‌ನಂತೆ, ರುಚಿಯಲ್ಲಿ ಸಿಹಿ, ಬೆಲೆಯಲ್ಲಿ ಅಗ್ಗ. ಹೊಟ್ಟೆಗಿಳಿದರೆ ಮೂತ್ರಪಿಂಡವನ್ನೇ ಕೆಡಿಸುತ್ತದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಮದ್ದನ್ನು ಇದರಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಹೊಸ ಔಷಧವನ್ನು ಮಾರುವ ಮೊದಲೇ ಅದು ಸುರಕ್ಷಿತವೆಂದು ತೋರಿಸಬೇಕೆಂಬ ಕಾನೂನು ಅಲ್ಲಿ ಮರುವರ್ಷವೇ ಬಂತು.

ನಮ್ಮಲ್ಲಿ ಔಷಧ ನಿಯಂತ್ರಣದ ಬಗ್ಗೆ ಕರ್ನಲ್ ರಾಮನಾಥ ಚೋಪ್ರಾ ಸಮಿತಿ 1931ರಲ್ಲಿ ವರದಿ ಕೊಟ್ಟಿತು. ಔಷಧ ಕಾಯ್ದೆ 1940ರಲ್ಲಿ, ಅದರ ನಿಯಮಗಳು 1945ರಲ್ಲಿ ಬಂದವು. ಆಮದು ಮತ್ತು ಹೊಸ ಔಷಧಗಳ ಅನುಮತಿ ಕೇಂದ್ರದ ಕೈಯಲ್ಲಿ, ತಯಾರಿಕೆ ಮತ್ತು ಮಾರಾಟದ ಪರವಾನಗಿ ಬಹುಪಾಲು ರಾಜ್ಯಗಳ ಕೈಯಲ್ಲಿ. ಹೀಗೆ ಒಂದು ರಾಜ್ಯ ಪರವಾನಗಿ ಕೊಟ್ಟ ಮದ್ದನ್ನು ಇಡೀ ದೇಶ ಕುಡಿಯುತ್ತದೆ.

ಈ ಏರ್ಪಾಡಿನ ಒಳಗನ್ನು 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆ ಬಯಲು ಮಾಡಿತು. ಅಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದ ಗ್ಲಿಸರಿನ್ ಕುಡಿಸಿದ್ದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗದ ವಿಚಾರಣೆ ಬರೀ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಯ ಖರೀದಿ, ಔಷಧ ನಿಯಂತ್ರಣ ಅಧಿಕಾರಿಗಳು, ಮಂತ್ರಿಗಳವರೆಗೂ ಹೋಯಿತು. ಇಷ್ಟು ನಿಷ್ಠುರವಾಗಿ ಇಡೀ ಸರಪಳಿಯನ್ನು ಹಿಡಿದ ತನಿಖೆ ನಮ್ಮಲ್ಲಿ ಅಪರೂಪ. ಆದರೂ 1998ರಲ್ಲಿ ಗುರುಗ್ರಾಮದ ಸುತ್ತಮುತ್ತ ಅದೇ ವಿಷಕ್ಕೆ 33 ಮಕ್ಕಳು ಬಲಿಯಾದರು.

ಆಮೇಲೆ ಕಾಗದದ ಮೇಲೆ ಬಿಗಿ ಹೆಚ್ಚಿತು. ಔಷಧ ನಿಯಂತ್ರಣವನ್ನು ಪರಿಶೀಲಿಸಿದ ಮಾಶೇಲ್ಕರ್ ಸಮಿತಿಯ ಬಳಿಕ 2008ರ ತಿದ್ದುಪಡಿಯಲ್ಲಿ ಸಾವಿಗೆ ಕಾರಣವಾಗುವ ನಕಲಿ, ಕಲಬೆರಕೆ ಔಷಧಕ್ಕೆ ಜೀವಾವಧಿ ಶಿಕ್ಷೆಗೂ ಅವಕಾಶವಾಯಿತು. ವೈದ್ಯಕೀಯ ಸಾಧನಗಳಿಗೆ 2017ರಲ್ಲಿ ಪ್ರತ್ಯೇಕ ನಿಯಮ ಬಂತು. 2020ರ ಏಪ್ರಿಲ್‌ನಿಂದ ಅವೆಲ್ಲವೂ ಕಾನೂನಿನ ಕಣ್ಣಿನಲ್ಲಿ ಔಷಧಗಳೇ.

2022ರಲ್ಲಿ ಗ್ಯಾಂಬಿಯಾದ ಸುಮಾರು 70 ಮಕ್ಕಳ ಸಾವಿನೊಂದಿಗೆ ಭಾರತದ ಸಿರಪ್‌ಗಳ ಹೆಸರು ಕೇಳಿಬಂತು. ರಫ್ತಾಗುವ ಕೆಮ್ಮಿನ ಸಿರಪ್ ಸರ್ಕಾರಿ ಮಾನ್ಯತೆಯ ಪ್ರಯೋಗಾಲಯದಲ್ಲಿ ಪಾಸಾಗಲೇಬೇಕೆಂದು 2023ರ ಜೂನ್ 1ರಿಂದ ಆದೇಶವಾಯಿತು. ದೇಶದೊಳಗೆ ಮಾರುವ ಸಿರಪ್ಪಿಗೆ ಆ ಆದೇಶ ಅನ್ವಯಿಸಲಿಲ್ಲ. ಇದನ್ನು ನಾನು ಬರೀ ಲೋಪ ಎನ್ನಲಾರೆ. ನಮ್ಮ ಮಕ್ಕಳಿಗೆ ಮಾಡಿದ ಅನ್ಯಾಯ ಅದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ತಮಿಳುನಾಡಿನಲ್ಲಿ ತಯಾರಾಗಿದ್ದ ಆ ಸಿರಪ್ಪಿನಲ್ಲಿ ಶೇಕಡಾ 0.1 ಮೀರಬಾರದ ಅದೇ ವಿಷ ಶೇಕಡಾ 48.6 ಇತ್ತು. ತಯಾರಕರು ತಂದ ದ್ರಾವಕದ ಪ್ರತಿ ಡ್ರಮ್ಮನ್ನೂ ಪರೀಕ್ಷಿಸಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು.

ಕರ್ನಾಟಕದ ಪಾಠ ಬೇರೆ ಬಗೆಯದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಸಂಶಯ ಡ್ರಿಪ್ಪಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ರಾಜ್ಯದ ಪ್ರಯೋಗಾಲಯ ಕಳಪೆ ಎಂದಿದ್ದ ಕೆಲವು ಬ್ಯಾಚ್‌ಗಳನ್ನು ಕೇಂದ್ರ ಪ್ರಯೋಗಾಲಯ ಸರಿಯೆಂದಿತ್ತು ಎಂದು ರಾಜ್ಯ ಸರ್ಕಾರ ಹೇಳಿತು. ಕಾಯ್ದೆಯ ಪ್ರಕಾರ ಕೇಂದ್ರದ ವರದಿಯೇ ಅಂತಿಮ. ಆ ಎರಡು ವರದಿಗಳ ನಡುವಿನ ಅನುಮಾನ ಬಗೆಹರಿಯುವತನಕ ಬಾಟಲಿಗಳನ್ನು ವಾರ್ಡಿನಿಂದ ದೂರವಿಡುವ ನಿಯಮವೊಂದು ನಮಗೆ ತುರ್ತಾಗಿ ಬೇಕು.